ಇಲ್ಲ ಎನ್ನದ ಮನೆ

ನಮ್ಮ ಮನೆಯಲ್ಲಿ ಮೊಮ್ಮಗಳ ಎದುರು ಯಾರೂ "ಇಲ್ಲ" ಎನ್ನುತ್ತಿರಲಿಲ್ಲ. ಚಂದ್ರ ಬೇಕು ಎಂದರೆ "ಆಮೇಲೆ ತರೋಣ" ಎನ್ನುತ್ತಿದ್ದೆವು. ತಾತನ ಕನ್ನಡಕ ಬೇಕು ಎಂದರೆ ಕನ್ನಡಕ ಬರುತ್ತಿತ್ತು. ಅದನ್ನು ಹಾಕಿಕೊಂಡು ಕಣ್ಣು ನೋಯಿತು ಎಂದರೆ ನಾವೆಲ್ಲ ಸೇರಿ ತಾತನನ್ನು ಬೈಯುತ್ತಿದ್ದೆವು, ಅಂಥ ಕನ್ನಡಕ ಯಾಕೆ ಮಾಡಿಸಿಕೊಂಡಿರಿ ಎಂದು.

ಮುದ್ದು ಮಾಡಿ ತಲೆಯ ಮೇಲೆ ಕೂರಿಸಿಕೊಂಡಿದ್ದೆವು ಎಂದುಕೊಳ್ಳಬೇಡಿ. ಅವಳ ಪುಟ್ಟ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ತೂತಿತ್ತು. ಸಾಲದ್ದಕ್ಕೆ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಅತ್ತರೆ ಆ ದಾರಿ ಇನ್ನಷ್ಟು ಬಿಗಿದುಕೊಂಡು ತುಟಿ, ಉಗುರು, ನಾಲಿಗೆ ಎಲ್ಲ ಶಾಯಿ ಮೆತ್ತಿದ ಹಾಗೆ ನೀಲಿಯಾಗುತ್ತಿದ್ದವು. ಹಾಗಾದಾಗ ಮೊಣಕಾಲು ಮಡಿಸಿ ಎದೆಗೆ ಒತ್ತಿ ಹಿಡಿಯಬೇಕೆಂದು ಡಾಕ್ಟರು ಕಲಿಸಿದ್ದರು. ನಮಗೆಲ್ಲ ನಿದ್ದೆಗಣ್ಣಲ್ಲೂ ಅದು ಬರುತ್ತಿತ್ತು. ಆದರೆ ಅಷ್ಟು ದೂರ ಹೋಗಲು ಬಿಡುವುದೇ ಯಾಕೆ, ಅಳು ಬರದಂತೆ ನೋಡಿಕೊಂಡರಾಯಿತಲ್ಲ ಎಂಬುದು ನಮ್ಮ ಲೆಕ್ಕ.

ಹುಟ್ಟಿದಾಗ ಇಷ್ಟೇ ಇಷ್ಟಿದ್ದಳೆಂದು ಅವಳನ್ನು ಸಾಸಿವೆ ಎಂದು ಕರೆಯುತ್ತಿದ್ದೆವು. ಸಾಸಿವೆಯ ಅಳು ತಡೆಯುವುದರಲ್ಲಿ ಒಬ್ಬರಿಗಿಂತ ಒಬ್ಬರು ಎತ್ತಿದ ಕೈ. ನಮ್ಮ ಮನೆಯವರು, ಅಂದರೆ ಅವಳ ತಾತ, ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರ ಜೇಬಿನಲ್ಲಿ ಸದಾ ಬಲೂನುಗಳಿರುತ್ತಿದ್ದವು. ಒಂದು ಒಡೆದು ಮಗುವಿನ ತುಟಿ ಸೊಟ್ಟಗಾಗುವಷ್ಟರಲ್ಲಿ ಇನ್ನೊಂದು ಅರ್ಧ ಊದಿರುತ್ತಿತ್ತು. ಮಗನಿಗೆ ಬೇಕರಿಯಲ್ಲಿ ಕೆಲಸ. ಒಂದು ದಿನ ಅವನು ತಂದ ಬನ್ನು ಮುರಿದಿತ್ತು. "ಇದನ್ನ ಅಂಟಿಸು" ಎಂದಳು ಸಾಸಿವೆ. ಅವನು ಚಪ್ಪಲಿ ಮೆಟ್ಟಿಕೊಂಡು ಬೇಕರಿಗೆ ಹೋಗಿ ಇಡೀ ಬನ್ನು ತಂದು, ಅಂಟಿಸಿದ್ದೀನಿ ನೋಡು ಎಂದು ಕೊಟ್ಟ.

ಪಕ್ಕದ ಮನೆಯಾಕೆ ಹೊಸ್ತಿಲಲ್ಲೇ ನಿಂತು, "ನಿಮ್ಮನೆ ಒಳಗೆ ಬರೋಕೇ ಭಯ ಕಣ್ರೀ. ನನ್ನ ಕಿವಿ ಓಲೆ ಕೇಳಿದ್ರೆ ಏನ್ ಮಾಡ್ಲಿ?" ಎನ್ನುತ್ತಿದ್ದರು.

"ಕೊಟ್ಬಿಡಿ. ಮಲಗಿದ ಮೇಲೆ ನಾನೇ ತಂದುಕೊಡ್ತೀನಿ" ಎನ್ನುತ್ತಿದ್ದೆ ನಾನು.

ನಮ್ಮೆಲ್ಲರನ್ನೂ ಮೀರಿಸಿದವಳು ಸೊಸೆ. ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಮಗು ಕೈಗೂಸಾಗಿದ್ದಾಗ ಒಮ್ಮೆ ಲಸಿಕೆಯ ಸೂಜಿ ಚುಚ್ಚಿಸಿಕೊಂಡ ಅಳು ನಿಲ್ಲದೆ, ನೀಲಿಗಟ್ಟಿ, ಅವಳ ತೋಳಿನಲ್ಲೇ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆಮೇಲೆ ಉಸಿರು ಬಂತು, ನಿಜ. ಆದರೆ ಅಂದಿನಿಂದ ಸೊಸೆಯ ಕಿವಿ ಹೊಲಿಗೆ ಯಂತ್ರದ ಸದ್ದಿನಲ್ಲೂ ಮಗುವಿನ ಉಸಿರಿನ ಕಡೆಗೇ ಇರುತ್ತಿತ್ತು. ಅಳು ಬರುವುದು ಮಗುವಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಯಂತ್ರ ನಿಲ್ಲಿಸಿ, ಎದ್ದು, ಮಗುವನ್ನು ಎತ್ತಿ ಸೊಂಟಕ್ಕೇರಿಸಿಕೊಂಡರೆ ಮುಗಿಯಿತು. ಅಳು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತಿತ್ತು.

ಕೊನೆಗೂ ಆಪರೇಷನ್ ಆಯಿತು. ಆ ದಿನದ ಬಗ್ಗೆ ಹೇಳಲು ನನಗೆ ಹೆಚ್ಚಿಗೆ ತಿಳಿಯದು. ಬೆಂಚಿನ ಮೇಲೆ ಕುಳಿತಿದ್ದೆವು. ಮಗ ಹಿಟ್ಟು ನಾದುವವನ ಹಾಗೆ ತನ್ನ ಮುಷ್ಟಿಯನ್ನೇ ನಾದುತ್ತಿದ್ದ. ನಮ್ಮ ಮನೆಯವರು ಎದುರು ಗೋಡೆಯ ಮೇಲಿನ "ಸದ್ದು ಮಾಡಬೇಡಿ" ಎಂಬ ಬರಹವನ್ನು ಗಟ್ಟಿಯಾಗಿ ಓದಿ ಓದಿ ಬೈಸಿಕೊಂಡರು. ಕೊನೆಗೆ ದೊಡ್ಡ ಡಾಕ್ಟರಮ್ಮ ಹೊರಗೆ ಬಂದು, "ತೂತು ಮುಚ್ಚಿದ್ದೀವಿ, ದಾರಿ ಅಗಲ ಮಾಡಿದ್ದೀವಿ. ಚೆನ್ನಾಗಿ ಆಗಿದೆ" ಎಂದಾಗ ಮಗ ಬೆಂಚಿದೆ ಎಂಬುದನ್ನೂ ಮರೆತು ನೆಲದ ಮೇಲೆ ಕುಳಿತುಬಿಟ್ಟ.

ತೊಂದರೆ ಶುರುವಾದದ್ದು ಆಮೇಲೆ, ನಮ್ಮಿಂದಲೇ.

ಸಾಸಿವೆಯನ್ನು ಮಕ್ಕಳ ವಾರ್ಡಿಗೆ ತಂದರು. ಎದೆಯ ನಡುವೆ ಉದ್ದದ ಬಿಳಿ ಪಟ್ಟಿ, ಬೆರಳಿಗೊಂದು ಕ್ಲಿಪ್ಪು, ಮೂಗಿಗೆ ಸಣ್ಣ ಕೊಳವೆ. ಸುತ್ತಲಿನ ಮಂಚಗಳಲ್ಲಿ ಮಕ್ಕಳು ಕಿರುಚಿ ಕೂಗಿ ವಾರ್ಡನ್ನು ತಲೆಯ ಮೇಲೆ ಹೊತ್ತಿದ್ದರೆ ನಮ್ಮವಳು ಮಾತ್ರ ದಿಂಬಿಗೆ ಒರಗಿ ಎಲ್ಲರನ್ನೂ ನೋಡುತ್ತಿದ್ದಳು. ಮುಖ ಕಿವುಚಿದಳೋ, ನಾಲ್ಕು ಕಡೆಯಿಂದ ನಾಲ್ಕು ಜನ ಹಾಜರು. ಒಬ್ಬರು ಕತೆ, ಒಬ್ಬರು ಬಲೂನು, ಒಬ್ಬರು ಅಂಗಾಲು ಸವರುವುದು. ಪಕ್ಕದ ಮಂಚದ ತಾಯಿ, "ಎಂಥಾ ಜಾಣ ಮಗು, ಒಂದು ಹನಿ ಕಣ್ಣೀರಿಲ್ಲ" ಎಂದರೆ ನಾವು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆವು.

ಒಬ್ಬಳಿಗೆ ಮಾತ್ರ ಸಮಾಧಾನವಿರಲಿಲ್ಲ. ಮಕ್ಕಳಿಗೆ ಉಸಿರಾಟದ ವ್ಯಾಯಾಮ ಮಾಡಿಸುವ ಹುಡುಗಿ. ಆಪರೇಷನ್ನಿನ ಹೊತ್ತಿನಲ್ಲಿ ಎದೆಯಲ್ಲಿ ಕಫ ಸೇರುತ್ತದೆ, ಮಕ್ಕಳು ಜೋರಾಗಿ ಉಸಿರೆಳೆದು ಕೆಮ್ಮಿ ತೆಗೆಯಬೇಕು ಎಂದು ಅವಳು ವಿವರಿಸಿದ್ದಳು. ನೋವಿನ ಔಷಧಿ ಕೊಡಿಸಿ, ಎದೆಗೆ ಒತ್ತಿ ಹಿಡಿಯಲು ಪುಟ್ಟ ದಿಂಬು ಕೊಟ್ಟು, ಊದಲು ಒಂದು ಕಾಗದದ ಗಿರಗಿಟ್ಟಲೆಯನ್ನೂ ಕೊಟ್ಟಳು. ಸಾಸಿವೆ ಅದನ್ನು ಹಿಂದೆ ಮುಂದೆ ನೋಡಿ ತಾತನ ಕೈಗಿತ್ತು, "ನೀನು ಊದು" ಎಂದಳು. ತಾತ ಊದಿದರು. "ಇನ್ನೂ" ಎಂದಳು. ಇನ್ನೂ ಊದಿದರು. ತಲೆ ತಿರುಗಿ ಮಂಚದ ಕಂಬಿ ಹಿಡಿದುಕೊಳ್ಳುವವರೆಗೂ ಊದಿದರು.

"ತಾತ, ನಿಮ್ಮ ಎದೆ ಗಟ್ಟಿಯಾಗಿದೆ, ಒಪ್ಪಿದೆ. ನಮಗೆ ಬೇಕಾಗಿರೋದು ಇವಳ ಎದೆ" ಎಂದಳು ಆ ಹುಡುಗಿ. "ಊದೋದು ಬೇಡ್ವಾ, ಬಿಡಿ. ಎಬ್ಬಿಸಿ ಕೂರಿಸಿದಾಗ ಸ್ವಲ್ಪ ಅತ್ತರೂ ಪರವಾಗಿಲ್ಲ. ಅತ್ತರೆ ಉಸಿರು ಒಳಗಿನ ತನಕ ಹೋಗುತ್ತೆ."

ಆಗಲಿ ಆಗಲಿ ಎಂದು ನಾವೆಲ್ಲ ತಲೆಯಾಡಿಸಿದೆವು. ಅವಳು ಬೆನ್ನು ತಿರುಗಿಸಿದ್ದೇ ತಡ ಮಗುವನ್ನು ಮತ್ತೆ ಮೆಲ್ಲಗೆ ಒರಗಿಸಿ ಕತೆ ಶುರುಮಾಡಿದೆವು. ಪಾಪ, ಚಿಕ್ಕ ಹುಡುಗಿ, ಸಾಸಿವೆ ಅತ್ತರೆ ಏನಾಗುತ್ತದೆ ಎಂಬುದು ಅವಳಿಗೇನು ಗೊತ್ತು ಎಂದುಕೊಂಡೆವು.

ಮಗುವಿಗೆ ಜ್ವರ ಬಂತು. ಉಸಿರು ಚಿಕ್ಕದಾಗಿ, ಬೇಗಬೇಗ ಬರತೊಡಗಿತು. ತಲೆಯ ಬಳಿಯ ಪರದೆಯಲ್ಲಿ ಆಮ್ಲಜನಕದ ಅಂಕಿ ಇಳಿಯಿತು. ಎಕ್ಸ್‌ರೇ ಹಿಡಿದು ಬಂದ ದೊಡ್ಡ ಡಾಕ್ಟರಮ್ಮ ನಮ್ಮನ್ನೆಲ್ಲ ಬಾಗಿಲ ಹತ್ತಿರ ಕರೆದರು.

"ಹೃದಯ ಚೆನ್ನಾಗಿದೆ. ಎಡಗಡೆ ಶ್ವಾಸಕೋಶದ ಕೆಳಭಾಗ ಮುದುಡಿಕೊಂಡಿದೆ, ಕಫ ಕೂತಿದೆ. ಆಪರೇಷನ್ ಆದಮೇಲೆ ಇವಳು ಜೋರಾಗಿ ಅತ್ತಿದ್ದಾಳಾ?"

ನಮ್ಮ ಮನೆಯವರು ಎದೆಯುಬ್ಬಿಸಿ, "ಒಂದು ಸಲಾನೂ ಇಲ್ಲ ಡಾಕ್ಟ್ರೇ. ನಾವು ಬಿಟ್ಟಿದ್ರೆ ತಾನೇ" ಎಂದರು.

ಡಾಕ್ಟರಮ್ಮ ಕೈಯಲ್ಲಿದ್ದ ಎಕ್ಸ್‌ರೇಯನ್ನು ಕೆಳಗಿಳಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಮೊದಲು ನೀವು ಮಾಡಿದ್ದು ಸರಿ. ಅದಕ್ಕೇ ಇವಳು ನನ್ನ ಕೈಗೆ ಜೀವಂತ ಬಂದಳು. ಈಗ ಅದೇ ತಪ್ಪಾಗ್ತಿದೆ. ಸಂಜೆಯೊಳಗೆ ಕೆಮ್ಮಿ ಕಫ ಹೊರಗೆ ಬರಲಿಲ್ಲ ಅಂದ್ರೆ ಮತ್ತೆ ಒಳಗೆ ಕರ್ಕೊಂಡು ಹೋಗಿ ಗಂಟಲಿಗೆ ನಳಿಕೆ ಹಾಕಬೇಕಾಗಬಹುದು. ಅದು ನನಗೆ ಇಷ್ಟ ಇಲ್ಲ. ಅವಳನ್ನ ಅಳಿಸಿ ಅಂತ ಹೇಳ್ತಿಲ್ಲ. ಅಳು ಬಂದ್ರೆ ತಡೀಬೇಡಿ."

ತಡೆಯಬೇಡಿ ಎಂದು ಹೇಳುವುದು ಸುಲಭ. ನಮ್ಮ ಕೈಕಾಲುಗಳಿಗೆ ಅದನ್ನು ಹೇಳುವವರು ಯಾರು?

ವ್ಯಾಯಾಮದ ಹುಡುಗಿ ಬಂದು ಮಗುವನ್ನು ಕುರ್ಚಿಯಲ್ಲಿ ಕೂರಿಸಿದಳು. ಮೊದಲು ಮಗ ಎದುರಿಗೆ ನಿಂತು ಗದರಿಸಿ ನೋಡಿದ. "ಏಯ್, ಕೆಮ್ಮು" ಎಂದ. ಜನ್ಮದಲ್ಲಿ ಗದರಿಸಿ ಗೊತ್ತಿದ್ದರಲ್ಲವೇ? ದನಿ ಎಲ್ಲಿಂದಲೋ ಹೊರಟು ಎಲ್ಲಿಗೋ ಹೋಯಿತು. ಸಾಸಿವೆ, "ಅಪ್ಪ ಬೆಕ್ಕಿನ ಹಾಗೆ ಮಾತಾಡ್ತಾನೆ" ಎಂದು ಸಣ್ಣಗೆ ನಕ್ಕಳು. ತಾತ ಹುಬ್ಬು ಗಂಟಿಕ್ಕಿಕೊಂಡು ಹೋದವರು, ಅವಳು ಕೈ ಚಾಚಿದ ಕೂಡಲೇ ಕನ್ನಡಕ ತೆಗೆದು ಕೊಟ್ಟು ವಾಪಸ್ಸು ಬಂದರು.

"ಮಾವ," ಎಂದಳು ಸೊಸೆ, "ನೀವು ಕೂತ್ಕೊಳ್ಳಿ."

ಅವಳು ಹೋಗಿ ಕುರ್ಚಿಯಿಂದ ಎರಡು ಮಾರು ದೂರ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮಗು ತಾಯಿಯನ್ನು ಕಂಡದ್ದೇ ಎರಡೂ ತೋಳು ಚಾಚಿತು.

"ಅಮ್ಮ, ಎತ್ಕೋ."

"ಇಲ್ಲ" ಎಂದಳು ಸೊಸೆ.

ಸಾಸಿವೆ ಕಣ್ಣು ಮಿಟುಕಿಸಿದಳು. ನಮ್ಮಲ್ಲಿ ಯಾರ ಬಾಯಿಂದಲೂ ಅವಳು ಆ ಮಾತು ಕೇಳಿರಲಿಲ್ಲ. "ಆಮೇಲೆ ಎತ್ಕೋತೀಯಾ?" ಎಂದು ಕೇಳಿದಳು.

"ಈಗ ಎತ್ಕೊಳ್ಳಲ್ಲ. ಮೊದಲು ನೀನು ಜೋರಾಗಿ ಕೆಮ್ಮಬೇಕು."

"ಈಗಲೇ ಎತ್ಕೋ."

"ಇಲ್ಲ ಕಂದ."

ತುಟಿ ಸೊಟ್ಟಗಾಯಿತು. ಗಲ್ಲ ನಡುಗಿತು. ನನ್ನ ಪಕ್ಕದಿಂದ ಮಗ, "ಸಾಕು, ಎತ್ಕೊಂಡ್ಬಿಡೇ" ಎಂದ. "ನೀವು ಹೊರಗೆ ಹೋಗಿ ನಿಲ್ರೀ" ಎಂದಳು ಸೊಸೆ, ತಿರುಗಿಯೂ ನೋಡದೆ. ಅವನು ಹೋದ.

ಮೊದಲು ಸದ್ದೇ ಇರಲಿಲ್ಲ. ಬಾಯಿ ಅಗಲವಾಗಿ ತೆರೆದುಕೊಂಡಿತ್ತು, ಅಷ್ಟೇ. ಆಮೇಲೆ ಎಲ್ಲಿ ಅಡಗಿತ್ತೋ ಆ ಅಳು, ವಾರ್ಡಿನ ಎಲ್ಲ ಮಕ್ಕಳೂ ತಂತಮ್ಮ ಅಳು ನಿಲ್ಲಿಸಿ ಇತ್ತ ನೋಡುವ ಹಾಗೆ ಹೊರಟಿತು. ನಮ್ಮ ಮನೆಯವರ ಕೈಗಳು ತಾವಾಗಿಯೇ ಮಗುವಿನ ಮೊಣಕಾಲಿನ ಕಡೆಗೆ ಹೊರಟಿದ್ದವು. ನಾನು ಎರಡನ್ನೂ ಹಿಡಿದು ನನ್ನ ಮಡಿಲಿಗೆ ಎಳೆದುಕೊಂಡೆ. ಅವರು ಕೊಸರಿಕೊಳ್ಳಲಿಲ್ಲ.

ಸೊಸೆ ಕಣ್ಣು ಮುಚ್ಚಿಕೊಂಡಿದ್ದಳು. "ಅತ್ತೆ, ತುಟಿ ನೋಡಿ. ನನ್ನಿಂದ ನೋಡೋಕಾಗಲ್ಲ. ಯಾವ ಬಣ್ಣ ಹೇಳಿ" ಎಂದಳು.

ನಾನು ಎದ್ದು ಹೋಗಿ ಬಗ್ಗಿ ನೋಡಿದೆ. "ಕೆಂಪು" ಎಂದೆ.

"ನಿಮಗೆ ಬಣ್ಣ ಗೊತ್ತಾಗಲ್ಲ ಅತ್ತೆ. ಕಪ್ಪು ದಾರ ತನ್ನಿ ಅಂದ್ರೆ ಕಡುನೀಲಿ ತರ್ತೀರಿ. ಸರಿಯಾಗಿ ನೋಡಿ ಹೇಳಿ."

"ಕೆಂಪೇ ಕಣಮ್ಮ."

"ಎಂಥಾ ಕೆಂಪು?"

"ಟೊಮೇಟೊ ಕೆಂಪು. ಮೂಗೂ ಕೆಂಪು, ಕಿವೀನೂ ಕೆಂಪು. ಕೋಪ ಬಂದಾಗ ನಿನ್ನ ಮುಖ ಹೇಗಾಗುತ್ತೋ ಹಾಗೇ ಇದೆ. ಕಣ್ಣು ಬಿಟ್ಟು ನೋಡು."

ಅವಳು ಕಣ್ಣು ತೆರೆದಳು. ಅತ್ತು ಅತ್ತು ಕೆಂಪಾದ ತನ್ನ ಮಗಳ ಮುಖವನ್ನು ಅವಳು ಹೆತ್ತ ಮೇಲೆ ನೋಡಿದ್ದು ಅದೇ ಮೊದಲು. ನೋಡುತ್ತ ನಿಂತಳು. ಬೆನ್ನ ಹಿಂದಿನ ಕೈ ಬಿಚ್ಚಲಿಲ್ಲ.

ಅಳುವಿನ ನಡುವೆ ಕೆಮ್ಮು ಬಂತು. ವ್ಯಾಯಾಮದ ಹುಡುಗಿ ದಿಂಬನ್ನು ಎದೆಗೆ ಒತ್ತಿ ಹಿಡಿದು, "ಹಾಗೇ, ಇನ್ನೊಂದು, ಇನ್ನೂ ಜೋರಾಗಿ" ಎನ್ನುತ್ತ ಬೆನ್ನು ತಟ್ಟಿದಳು. ಗಟ್ಟಿ ಕಫದ ಮುದ್ದೆಯೊಂದು ಹೊರಗೆ ಬಿತ್ತು. ಇನ್ನೊಂದು ಬಂತು. ಆ ಹುಡುಗಿ ಅದನ್ನು ಬಟ್ಟಲಲ್ಲಿ ಹಿಡಿದು ನಮಗೆಲ್ಲ ತೋರಿಸಿದಳು. ನಾವು ಒಬ್ಬೊಬ್ಬರಾಗಿ ಬಗ್ಗಿ ನೋಡಿದೆವು. ನಮ್ಮ ಮನೆಯವರು ಇನ್ನೊಮ್ಮೆ ತೋರಿಸು ಎಂದು ಕೇಳಿ ನೋಡಿದರು.

ಪರದೆಯ ಅಂಕಿ ಒಂದೇ ಸಲಕ್ಕೆ ಏರಲಿಲ್ಲ. ಊಟದ ಹೊತ್ತಿಗೆ ಇನ್ನೊಮ್ಮೆ ಅತ್ತಳು, ಮಧ್ಯಾಹ್ನ ಮತ್ತೊಮ್ಮೆ. ಪ್ರತಿ ಸಲವೂ ಬೇಡಿದ್ದನ್ನು ಕೊಡದೆ ಎದುರಿಗೆ ನಿಂತವಳು ಸೊಸೆಯೇ. ಮುಗಿದ ಮೇಲೆ ಎತ್ತಿಕೊಳ್ಳಲು ಹೋದರೆ ಸಾಸಿವೆ ಮುಖ ತಿರುಗಿಸಿ ನನ್ನ ಕಡೆಗೆ ಬರುತ್ತಿದ್ದಳು. ಸಂಜೆ ಡಾಕ್ಟರಮ್ಮ ಹೊಸ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಅರಳ್ತಾ ಇದೆ. ನಳಿಕೆ ಬೇಡ" ಎಂದರು.

ನಾವು ಮೂವರೂ ಸೊಸೆಯನ್ನು ಹುಡುಕಿದೆವು. ಅವಳು ವಾರ್ಡಿನ ಹೊರಗೆ ನಲ್ಲಿಯ ಕೆಳಗೆ ಒಂದು ಬಟ್ಟೆ ಹಿಂಡುತ್ತಿದ್ದಳು. ಸುದ್ದಿ ಹೇಳಿದೆ. ತಲೆಯಾಡಿಸಿದಳು. ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ, "ನನ್ನ ಜೊತೆ ಟೂ ಬಿಟ್ಟಿದ್ದಾಳೆ ಅತ್ತೆ. ಅಮ್ಮ ಬೇಡ, ಹೋಗು ಅಂದ್ಳು" ಎಂದಳು.

"ಅನ್ನಲಿ ಬಿಡು. ಇವಳ ಅಪ್ಪನೂ ಚಿಕ್ಕವನಿದ್ದಾಗ ನನಗೆ ಎಷ್ಟು ಸಲ ಅಂದಿದ್ದಾನೆ."

"ನನಗೆ ಯಾರೂ ಅಂದಿರ್ಲಿಲ್ಲ" ಎಂದು ಮೂಗು ಒರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೂ ತಿಳಿಯಲಿಲ್ಲ.

ಒದ್ದೆ ಬಟ್ಟೆ ಹಿಡಿದು ಒಳಗೆ ಹೋದಳು. ಸಾಸಿವೆಯ ಕೆನ್ನೆಯ ತುಂಬ ಕಣ್ಣೀರು, ಸಿಂಬಳ ಒಣಗಿ ಅಂಟಿಕೊಂಡಿತ್ತು. ಬಟ್ಟೆ ಕಂಡದ್ದೇ ಅವಳು ತಲೆಯನ್ನು ಅತ್ತ ಹೊರಳಿಸಿ, "ಬೇಡ, ಒರೆಸ್ಬೇಡ" ಎಂದು ಕೂಗಿದಳು. ಮಗ ಎದ್ದು ನಿಂತವನು, ಹೆಂಡತಿಯ ಮುಖ ನೋಡಿ ಮತ್ತೆ ಕುಳಿತ.

"ಬೇಡ ಅಂದ್ರೂ ಒರೆಸ್ತೀನಿ" ಎಂದು ಸೊಸೆ ಒಂದು ಕೈಯಲ್ಲಿ ಗಲ್ಲ ಹಿಡಿದು ಮಗುವಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಮಗು ಕೂಗುತ್ತಲೇ ಇತ್ತು. ಅವಳು ಅವಸರ ಮಾಡದೆ ಕೆನ್ನೆ ಒರೆಸಿದಳು, ಮೂಗು ಒರೆಸಿದಳು, ಕತ್ತಿನ ಮಡಿಕೆ ಬಿಡಿಸಿ ಒರೆಸಿದಳು, ಕಿವಿಯ ಹಿಂದೆಯೂ ಬಿಡಲಿಲ್ಲ.