ಸೋಮವಾರದ ಖಾನೆ

ಚಾರ್ಟಿನಲ್ಲಿ ಒಂದು ಖಾನೆ ಖಾಲಿ ಕಂಡರೆ ನಮ್ಮ ಮ್ಯಾನೇಜರ್ ಪಂಡಿತರಿಗೆ ಮೈಯೆಲ್ಲ ಉರಿಯುತ್ತದೆ. ಯಾರಿಗೆ ಯಾವ ಗುಳಿಗೆ ಕೊಟ್ಟೆವು, ಯಾವ ಸೂಜಿ ಹಾಕಿದೆವು ಎಂದು ನಾವು ನರ್ಸ್‌ಗಳು ಗುರುತು ಹಾಕುವ ಹಾಳೆ ಅದು. ತಪಾಸಣೆಯವರು ಬಂದಾಗ ಅದು ತುಂಬಿರಬೇಕು, ಅಷ್ಟೆ. ತುರೋರಿಯ ಹೆದ್ದಾರಿ ಪಕ್ಕದ ಈ ವೃದ್ಧಾಶ್ರಮದಲ್ಲಿ ಮುದುಕರು ಹೇಗಿದ್ದಾರೆಂದು ಪಂಡಿತರು ಹಾಳೆ ನೋಡಿಯೇ ಹೇಳುತ್ತಾರೆ. ಮುಖ ನೋಡಿ ಹೇಳಿದ್ದನ್ನು ನಾನಂತೂ ಕಂಡಿಲ್ಲ.

ಸೋಮವಾರ ನನ್ನ ರಜೆ. ಆ ಸೋಮವಾರ ಶ್ರಾವಣದ್ದು. ನಮ್ಮಲ್ಲಿರುವ ಜಂಗಮರ ಮನೆತನದ ಮುದುಕಿ ಸಂಗಮ್ಮನಿಗೆ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಇನ್ಸುಲಿನ್ ಬೇಕು. ಆದರೆ ಶ್ರಾವಣ ಸೋಮವಾರದ ಉಪವಾಸ ಮಾತ್ರ ಬಿಡುವವಳಲ್ಲ. ನನ್ನ ಬದಲಿಗೆ ಬಂದ ಉಜ್ವಲಾ, ಉಪವಾಸ ಅಂದಮೇಲೆ ಹೊಟ್ಟೆ ಖಾಲಿ ಎಂದುಕೊಂಡು ಸೂಜಿ ಹಾಕಲಿಲ್ಲ; ಇದು ನನಗೆ ತಿಳಿದದ್ದು ಆಮೇಲೆ. ನಮ್ಮ ಕಡೆಯ ಉಪವಾಸ ಎಂಥದ್ದೆಂದು ಆ ಹುಡುಗಿಗೆ ತಿಳಿಯದ್ದೇನಲ್ಲ. ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಬೆಲ್ಲದ ಶೇಂಗಾ ಉಂಡಿ. ರೊಟ್ಟಿ ತಿನ್ನುವ ದಿನಕ್ಕಿಂತ ಹೆಚ್ಚೇ ಒಳಗೆ ಇಳಿಯುತ್ತದೆ.

ಮಂಗಳವಾರ ಬೆಳಿಗ್ಗೆ ನೋಡಿದರೆ ಸಂಗಮ್ಮನ ಸಕ್ಕರೆ ವಿಪರೀತ ಏರಿತ್ತು. ಉದಗೀರದ ಡಾಕ್ಟರಿಗೆ ಫೋನ್ ಮಾಡಿದೆ. ನಿನ್ನೆ ಸೂಜಿ ಹಾಕಿದ್ದೀರಾ ಎಂದು ಕೇಳಿದರು. ಚಾರ್ಟ್ ನೋಡಿದೆ. ಗುರುತು ಇತ್ತು. ಹಾಕಿದ್ದೇವೆ ಎಂದೆ. ಹಾಕಿದರೂ ಇಷ್ಟು ಏರಿದೆಯೆಂದರೆ ಡೋಸ್ ಸಾಲುತ್ತಿಲ್ಲ ಎಂದು ಅವರು ಹೆಚ್ಚಿಸಿದರು. ನಾನೇ ಹಾಕಿದೆ.

ಮಧ್ಯಾಹ್ನದ ಊಟಕ್ಕೆ ಮುಂಚೆ ಸಂಗಮ್ಮ ಬೆವರಿ ನಡುಗತೊಡಗಿದಳು. ನನ್ನನ್ನು ಹಿಡಿದುಕೊಂಡು ನೀ ಯಾರು ಎಂದಳು. ಸಕ್ಕರೆ ಕುಸಿದಿತ್ತು. ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿದೆ. ಕಣ್ಣು ತಿಳಿಯಾಗುವವರೆಗೆ ನನ್ನ ಜೀವ ಕೈಯಲ್ಲಿತ್ತು.

ಆಮೇಲೆ ಉಜ್ವಲಾಳನ್ನು ಹಿಡಿದು ಕೇಳಿದೆ. ಅಳುತ್ತಾ ಎಲ್ಲ ಹೇಳಿದಳು. ಆಕೆ ಖಾನೆ ಖಾಲಿ ಬಿಟ್ಟಿದ್ದಳು. ಸಂಜೆ ಪಂಡಿತರು ಎದುರಿಗೆ ನಿಂತು ಗುರುತು ಹಾಕಿಸಿದ್ದರು.

ಸಿಟ್ಟು ನೆತ್ತಿಗೇರಿತು. ನೇರ ಅವರ ಕೋಣೆಗೆ ಹೋದೆ. ಪಂಡಿತರು ಚಹಾ ಕುಡಿಯುತ್ತಿದ್ದರು.

"ಸಾಹೇಬರ, ಸೋಮವಾರ ಸೂಜಿ ಹಾಕಿಲ್ಲ. ಹಾಕೀವಿ ಅಂತ ಯಾಕ ಬರ್ಸಿದ್ರಿ?"

"ಖಾಲಿ ಬಿಟ್ರ ತಪಾಸಣಿದಾಗ ನಾ ಏನ್ ಹೇಳ್ಲಿ? ಸಂಗಮ್ಮ ಆಯಿ ಈಗ ಛಲೋ ಆಗ್ಯಾಳ ಇಲ್ಲ? ಬೆಳಿಗ್ಗಿ ನಾಷ್ಟಾ ಮಾಡಿಲ್ಲ, ಅದಕ್ಕ ಚಕ್ಕರ್ ಬಂತು ಅಂತ ಬರೀರಿ ತ್ರಿವೇಣಿಬಾಯಿ."

"ನನ್ನ ಎದುರಿಗಿ ನಾಷ್ಟಾ ಮಾಡ್ಯಾಳ. ನೀವ್ ಹೇಳ್ದಂಗ ಬರದ್ರ ಡಾಕ್ಟರ್ ನಾಳಿನೂ ಅಷ್ಟೇ ಡೋಸ್ ಹಾಕು ಅಂತಾರ. ನಾಳಿ ಆಕಿ ಏಳದಿದ್ರ?"

"ನಿಮಗ ನೌಕರಿ ಬೇಕೋ ಬ್ಯಾಡೋ?"

ಸಾಯುತ್ತಿದ್ದವಳ ಬಾಯಿಗೆ ಸುಳ್ಳು ಉಪವಾಸ ತುರುಕಲು ನೋಡುತ್ತಿದ್ದ ಈ ಮನುಷ್ಯ ಚಹಾದ ಕಪ್ಪನ್ನು ಕೆಳಗೆ ಕೂಡ ಇಡಲಿಲ್ಲ. ಅವರೆದುರಿಗೇ ಡಾಕ್ಟರಿಗೆ ಫೋನ್ ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಡಾಕ್ಟರ್ ನನಗೂ ಸರಿಯಾಗಿ ಬೈದರು. ಮೊದಲಿನ ಡೋಸನ್ನೇ ಹಾಕಿ ಎಂದರು. ಸೋಮವಾರದ ಗುರುತಿಗೆ ಅಡ್ಡಗೆರೆ ಎಳೆದು 'ಹಾಕಿಲ್ಲ' ಎಂದು ಬರೆದು ನನ್ನ ಸಹಿ ಹಾಕಿದೆ. ನೌಕರಿ ಹೋದರೆ ಹೋಗಲಿ ಎಂದು ಹೇಳಿಯೇ ಹೊರಬಿದ್ದೆ.

ಬುಧವಾರ ಬೆಳಿಗ್ಗೆ ಸಕ್ಕರೆ ನೋಡಿ, ಇನ್ಸುಲಿನ್ ತುಂಬಿಕೊಂಡು ಸಂಗಮ್ಮನ ಹತ್ತಿರ ಕೂತೆ. ಯಾವಾಗಲೂ ತಾನೇ ತೋಳು ಚಾಚುವವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸರೀ ಡೋಸ್ ಅದ ಅಮ್ಮಾ. ಡಾಕ್ಟರಿಗಿ ಎಲ್ಲಾ ಹೇಳೀನಿ, ಚಾರ್ಟಿನ್ಯಾಗ ಖರೇನೇ ಬರದೀನಿ," ಎಂದೆ.

"ನಿನ್ನಿನೂ ನೀ ಚಾರ್ಟ್ ನೋಡೇ ಹಾಕಿದ್ದಿ ತಂಗಿ, ನನ್ನ ಕೇಳ್ಲಿಲ್ಲ," ಎಂದಳು ಸಂಗಮ್ಮ, ಮೆಲ್ಲಗೆ.

ಪಂಡಿತರ ಮೇಲಿನ ನನ್ನ ಸಿಟ್ಟೆಲ್ಲ ಆಕೆಯ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಸೂಜಿಯನ್ನು ಕೆಳಗಿಟ್ಟು, ಆಕೆ ತಾನಾಗಿ ತೋಳು ಚಾಚುವವರೆಗೆ ಕಾಯುತ್ತ ಕೂತೆ.