ಸತ್ತ ಮೇಲೆ ನಗಬೇಕು

ಸತ್ತವರು ಎದ್ದು ನಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಿನಿಮಾದವರ ಪದ್ಧತಿ ಅದು. ಸಾವಿನ ದೃಶ್ಯ ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸುವುದಿಲ್ಲ. ಸತ್ತವನು ಕಣ್ಣು ಬಿಟ್ಟು, ಕ್ಯಾಮೆರಾದ ಕಡೆ ತಿರುಗಿ, ಒಮ್ಮೆ ನಗಬೇಕು. ಆಗ ಸಾವು ಸುಳ್ಳಾಯಿತು ಎಂದು ಲೆಕ್ಕ. ನಗದೆ ಎದ್ದರೆ ಅಪಶಕುನ. ಚೂರಿ ಚುಚ್ಚಿಸಿಕೊಂಡವರು, ವಿಷ ಕುಡಿದವರು, ಬಾವಿಗೆ ಹಾರಿದವರು, ಎಲ್ಲರೂ ಹಲ್ಲು ಕಿರಿದು ಎದ್ದು ಟೀ ಕೇಳುತ್ತಿದ್ದರು. ನಾನೂ ಬೇಕಾದಷ್ಟು ಸಲ ಸತ್ತು ನಕ್ಕಿದ್ದೇನೆ. ತಾಯಿ ಪಾತ್ರದವಳಿಗೆ ಸಾಯುವುದು ಬಿಟ್ಟು ಬೇರೆ ಏನು ಕೆಲಸವಿರುತ್ತದೆ, ಹೇಳಿ?

ನಾಟಕ ಕಂಪನಿ ಮುಚ್ಚಿದ ಮೇಲೆ ನಾನು ಸಿನಿಮಾಕ್ಕೆ ಬಂದವಳು. ಬಂದ ವರ್ಷವೇ ಸಾಹೇಬರಿಗೆ ತಾಯಿಯಾದೆ. ವಯಸ್ಸಿನಲ್ಲಿ ನಾನು ಅವರಿಗಿಂತ ಚಿಕ್ಕವಳು. ಆದರೇನು, ಅವರ ಕೂದಲಿಗೆ ಕಪ್ಪು ಬಳಿಯುತ್ತಿದ್ದ ಕೈಯೇ ನನ್ನ ತಲೆಗೆ ಬಿಳಿ ಬಳಿಯುತ್ತಿತ್ತು. ಅವರ ಹೆಸರು ಜಯಕೇತು. ಆದರೆ ಜನ ಆ ಹೆಸರಿನಿಂದ ಕರೆದದ್ದು ಕಡಿಮೆ. ಚಿತ್ರದ ಮೇಲೆ ಚಿತ್ರದಲ್ಲಿ ಪ್ರಾಮಾಣಿಕ ಇನ್‌ಸ್ಪೆಕ್ಟರ್ ಆಗಿ ಆಗಿ ಊರಿಗೆಲ್ಲ ಅವರು ಸಾಹೇಬರೇ ಆಗಿದ್ದರು. ರೌಡಿಗಳು ಎದುರು ನಿಂತಾಗ ಸೊಂಟದ ಬೆಲ್ಟು ಬಿಚ್ಚಿ, ಬಲ ಮುಷ್ಟಿಗೆ ಸುತ್ತಿ, ಹಿತ್ತಾಳೆಯ ಬಕಲ್ ಹೊರಗೆ ಬರುವಂತೆ ಒಮ್ಮೆ ಕೊಡವುತ್ತಿದ್ದರು. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ. ಬೀದಿಯ ಹುಡುಗರೆಲ್ಲ ಅಪ್ಪಂದಿರ ಬೆಲ್ಟು ಕದ್ದು ಮುಷ್ಟಿಗೆ ಸುತ್ತಿಕೊಂಡು ತಿರುಗುತ್ತಿದ್ದ ಕಾಲ ಅದು.

ನಾನು ಹೇಳುತ್ತಿರುವುದು ಆ ಕಾಲ ಕಳೆದ ಮೇಲಿನ ಮಾತು. ಸಾಹೇಬರ ಚಿತ್ರಗಳು ಬಂದ ವಾರವೇ ಹೋಗುತ್ತಿದ್ದವು. ಮಂಡಿ ನೋವು, ಹೊಟ್ಟೆ ಮುಂದೆ ಬಂದಿತ್ತು. ಅಂಥ ಹೊತ್ತಿನಲ್ಲಿ ಗಿರಿಧರ ಎಂಬ ಹೊಸ ನಿರ್ದೇಶಕ ಒಂದು ಕತೆ ತಂದ. ಅದರಲ್ಲಿ ಇನ್‌ಸ್ಪೆಕ್ಟರನು ಲಂಚಕೋರ. ದೊಡ್ಡ ಮನುಷ್ಯನೊಬ್ಬನ ಮಾತಿಗೆ ಅಮಾಯಕ ಹುಡುಗನನ್ನು ಲಾಕಪ್ಪಿನಲ್ಲಿ ಹೊಡೆದು ಕೊಲ್ಲುತ್ತಾನೆ. ನೇಣು ಹಾಕಿಕೊಂಡ ಎಂದು ಬರೆಸುತ್ತಾನೆ. ಕೊನೆಗೆ ಪದಕ ತೊಟ್ಟು ಫೋಟೋಕ್ಕೆ ನಿಲ್ಲುತ್ತಾನೆ. ಅಷ್ಟೇ. ಹಾಡಿಲ್ಲ, ಫೈಟಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

"ನಿಮಗ್ಯಾಕೆ ಈ ವಯಸ್ಸಲ್ಲಿ ಇದು?" ಎಂದು ಕೇಳಿದೆ.

"ಇಷ್ಟು ದಿನ ಇಲ್ಲದೇ ಇರೋ ಪೊಲೀಸರನ್ನ ತೋರಿಸಿದೆ ಕಣವ್ವಾ," ಎಂದರು. ಸೆಟ್ಟಿನ ಹೊರಗೂ ನನ್ನನ್ನು ಅವ್ವ ಎಂದೇ ಕರೆದು ಕಾಡುತ್ತಿದ್ದರು. "ಸಾಯೋದರೊಳಗೆ ಒಂದು ಸಲ ಇರೋನ್ನ ತೋರಿಸ್ತೀನಿ. ನೀನು ಸತ್ತ ಹುಡುಗನ ತಾಯಿ. ಈ ಸಲ ನನ್ನ ತಾಯಿ ಅಲ್ಲ, ಬದುಕಿದೆ!"

ಚಿತ್ರೀಕರಣಕ್ಕೆ ಸಿಕ್ಕಿದ್ದು ಒಂದು ಸಣ್ಣ ಊರಿನ ಹಳೆಯ ಪೊಲೀಸ್ ಠಾಣೆ. ಹೊಸ ಠಾಣೆ ಪಕ್ಕದಲ್ಲೇ ಇತ್ತು. ಹಳೆಯದು ಪಾಳು ಬಿದ್ದಿತ್ತು, ಲಾಕಪ್ಪಿನ ಸರಳುಗಳು ಮಾತ್ರ ಗಟ್ಟಿಯಾಗಿದ್ದವು. ಜನರನ್ನು ತಡೆಯಲು ನಿಜವಾದ ಪೊಲೀಸರೇ ನಿಂತಿದ್ದರು.

ಹೊಡೆಯುವ ದೃಶ್ಯದಲ್ಲಿ ಸಾಹೇಬರು ಹಳೆಯ ಚಾಳಿಯಂತೆ ಬೆಲ್ಟು ಬಿಚ್ಚಿ ಮುಷ್ಟಿಗೆ ಸುತ್ತಿದರು. ಆದರೆ ಈ ಸಲ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಸೌದೆ ಒಡೆಯುವವನಂತೆ, ಬೇಸರದಿಂದ ಹೊಡೆದರು. ಅವರೊಳಗೆ ಇಂಥ ನಟ ಇದ್ದಾನೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಹುಡುಗನ ಪಾತ್ರದವನನ್ನು ಕಿಟಕಿಯ ಸರಳಿಗೆ ಪಂಚೆ ಬಿಗಿದು ನೇತು ಹಾಕಿದರು. ಕತ್ತು ವಾಲಿಸಿ, ನಾಲಿಗೆ ಚಾಚಿ ಪಾಪದ ಹುಡುಗ ಚೆನ್ನಾಗಿ ಸತ್ತ.

"ಸರಿ, ನಗಪ್ಪಾ!" ಎಂದು ಗಿರಿಧರ ಕೂಗಿದ.

ಹುಡುಗ ಕಣ್ಣು ಬಿಟ್ಟು ನಕ್ಕ. ಗುಂಪಿನಿಂದ ಒಂದು ಕೂಗು ಕೇಳಿತು. ಹೆಂಗಸಿನ ಕೂಗು. ನೋಡಿದರೆ, ಗೋಡೆ ಹಿಡಿದು ಕುಸಿದು ಕೂತಿದ್ದಳು ಒಬ್ಬ ಮುದುಕಿ. ಪೇದೆಯೊಬ್ಬ ರಟ್ಟೆ ಹಿಡಿದು ಎಬ್ಬಿಸುತ್ತಿದ್ದ. ನಾನು ಹೋಗಿ ಬಿಡಿಸಿಕೊಂಡೆ. ತಾಯಿ ಪಾತ್ರದ ಹರಕು ಸೀರೆಯಲ್ಲಿದ್ದೆನಲ್ಲ, ತನ್ನಂಥವಳೇ ಎಂದುಕೊಂಡಳೋ ಏನೋ, ನನ್ನ ಸೆರಗು ಹಿಡಿದುಕೊಂಡಳು.

"ಆ ಮಗ ನಗ್ತದಲ್ಲವ್ವಾ," ಎಂದಳು. "ನನ್ ಮಗುಂಗೂ ಯಾರಾರ ನಗು ಅಂದಿದ್ರೆ!"

ಹೆಸರು ಕೆಂಪಾಜಮ್ಮ. ಮಗ ರಾಚಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಕಳ್ಳತನದ ಅನುಮಾನ ಎಂದು ಹಿಡಿದುಕೊಂಡು ಬಂದಿದ್ದು ಇದೇ ಠಾಣೆಗೆ. ಕೂಡಿ ಹಾಕಿದ್ದು ಇದೇ ಕೋಣೆಯಲ್ಲಿ. ಉಟ್ಟ ಪಂಚೆಯಲ್ಲಿ ನೇಣು ಹಾಕಿಕೊಂಡ ಎಂದು ಹೇಳಿ ಹೆಣ ಕೊಟ್ಟರಂತೆ. ಗಿರಿಧರನಿಗೆ ಇದು ಗೊತ್ತಿರಲಿಲ್ಲ. ಎಲ್ಲ ಊರಲ್ಲೂ ನಡೆಯುವುದನ್ನೇ ಅವನು ಕತೆ ಮಾಡಿದ್ದ.

ನಾನು ಅವಳನ್ನು ಸಾಹೇಬರ ಬಳಿಗೆ ಕರೆದುಕೊಂಡು ಹೋದೆ. ಅವಳು ನೆಲಕ್ಕೆ ಕೂತಳು. ಸಾಹೇಬರೂ ಕುರ್ಚಿ ಬಿಟ್ಟು, ಮಂಡಿ ನೋವು ಲೆಕ್ಕಿಸದೆ ನೆಲಕ್ಕೇ ಕೂತರು.

"ನನ್ ಮಗ ಪಂಚೆ ಉಡ್ತಾನೇ ಇರ್ನಿಲ್ಲ ಬುದ್ಧಿ," ಎಂದಳು. "ಮೂಟೆ ಹೊರೋನು, ಯಾವಾಗ್ಲೂ ಚಡ್ಡಿ. ಮನೇಲಿ ಒಂದು ಪಂಚೆ ಇರ್ನಿಲ್ಲ. ನೇಣಿಗೆ ಪಂಚೆ ಎಲ್ಲಿಂದ ಬಂತು? ಯಾರ್ನ ಕೇಳಿದ್ರೂ ಸುಮ್ಕಿರು ಅಂತರೆ. ಹೆಣುಕ್ಕೆ ನೀರು ಹುಯ್ವಾಗ ಕಂಡೆ, ಬೆನ್ನಿನ ತುಂಬ ಬಿಲ್ಲೆ ಬಿಲ್ಲೆ ಗುರ್ತು. ಈಗ ಊರೋರೆಲ್ಲ ನನ್ನ ನೇಣಾಕ್ಕಂಡ ಕಳ್ಳನ ಅವ್ವ ಅಂತರೆ."

"ಅಮ್ಮಾ, ನಾನು ನಿಜವಾದ ಪೊಲೀಸ್ ಅಲ್ಲ," ಎಂದರು ಸಾಹೇಬರು.

"ಗೊತ್ತು ಬುದ್ಧಿ. ನೀವು ಆಟ ಕಟ್ಟೋರು. ನಿಜುದ್ ಸಾಹೇಬ್ರು ಕೇಳ್ನಿಲ್ಲ, ಆಟುದ್ ಸಾಹೇಬ್ರಾದ್ರೂ ಕೇಳ್ಲಿ ಅಂತ ಬಂದೆ. ಆ ಪಂಚೆ ಮಾತು ಒಂದ್ಸಲ ಎಲ್ರಿಗೂ ಕೇಳಂಗೆ ಯೋಳ್ಬುಡಿ. ಇನ್ನೇನೂ ಬ್ಯಾಡ."

ಸಾಹೇಬರು ಅವಳ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟರು. ಮಾರನೆಯ ದಿನ ಗಿರಿಧರ ಆ ಮಾತನ್ನು ನನ್ನ ಬಾಯಲ್ಲಿ ಇಟ್ಟ. ಠಾಣೆಯ ಮೆಟ್ಟಿಲ ಮೇಲೆ ನಿಂತು, "ನನ್ನ ಮಗನಿಗೆ ಪಂಚೆಯೇ ಇರಲಿಲ್ಲ, ಸಾಹೇಬರೇ" ಎಂದು ಕೂಗಿದೆ. ಜನ್ಮದಲ್ಲಿ ನಾನು ಹೇಳಿದ ಎಲ್ಲ ಮಾತುಗಳಲ್ಲಿ ನಿಜವಾದ ಮಾತು ಅದೊಂದೇ. ಕೆಂಪಾಜಮ್ಮ ಹುಣಸೆ ಮರದ ಕೆಳಗೆ ಕೂತು ಕೇಳಿಸಿಕೊಂಡಳು. ಅವತ್ತಿನಿಂದ ದಿನಾ ಬಂದು ಅಲ್ಲೇ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಆ ಭಾಗದ ಡಿವೈಎಸ್ಪಿ ಲೋಕೇಶ್ವರ ಬಂದ. ಕಟ್ಟುಮಸ್ತಾದ ಆಳು, ನಗುಮುಖ. ಬಂದವನೇ ಎಲ್ಲರೆದುರು ಸಾಹೇಬರ ಕಾಲಿಗೆ ಬಿದ್ದ.

"ನಿಮ್ಮ ಪಿಕ್ಚರ್ ನೋಡ್ಕೊಂಡೇ ನಾನು ಪೊಲೀಸ್ ಆಗಿದ್ದು ಸಾರ್. ಮೊದಲು ಇನ್‌ಸ್ಪೆಕ್ಟರ್ ಆಗಿ ಬಂದಿದ್ದೂ ಇದೇ ಸ್ಟೇಷನ್ನಿಗೆ. ಬೆಲ್ಟ್ ಸುತ್ತೋದು ಕೂಡ ನಿಮ್ಮಿಂದಲೇ ಕಲ್ತಿದ್ದು."

ಸಾಹೇಬರ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ನಿಂತಿತು. "ಬಕಲ್ ಒಳಗೋ, ಹೊರಗೋ?" ಎಂದು ಕೇಳಿದರು.

"ಹೊರಗೇ ಸಾರ್! ನಿಮ್ಮ ಹಾಗೇನೆ."

ನಾನು ಹುಣಸೆ ಮರದ ಕಡೆ ನೋಡಿದೆ. ಕೆಂಪಾಜಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡು ಮರದ ಬೊಡ್ಡೆಗೆ ಅಂಟಿ ಕೂತಿದ್ದಳು. ಹೊರಡುವಾಗ ಅವನು ಅವಳ ಮುಂದೆ ನಿಂತು, "ಏನಜ್ಜೀ, ಶೂಟಿಂಗ್ ನೋಡಕ್ಕೆ ಬಂದ್ಯಾ?" ಎಂದು ಪ್ರೀತಿಯಿಂದಲೇ ಕೇಳಿ ಜೀಪು ಹತ್ತಿದ. ಜೀಪಿನ ಧೂಳು ಇಳಿದ ಮೇಲೆ, "ಇವ್ರೇ ಕಣವ್ವ," ಎಂದಳು.

ಸಾಹೇಬರು ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಸ್ಟೈಲು ಅಂದ್ಕೊಂಡು ಮಾಡ್ತಿದ್ದೆ ಅವ್ವಾ," ಎಂದರು.

ಆಮೇಲೆ ಎಲ್ಲವೂ ಬೇಗ ಬೇಗ ಕೆಟ್ಟಿತು. ಠಾಣೆಯಲ್ಲಿ ಚಿತ್ರೀಕರಿಸುವ ಅನುಮತಿ ರದ್ದು ಎಂದರು ಪೊಲೀಸರು. ಕತೆ ಬದಲಾದರೆ ಯೋಚಿಸುತ್ತೇವೆ ಎಂದರು. ಇತ್ತ ಅಭಿಮಾನಿ ಸಂಘದವರು ನಾವಿಳಿದಿದ್ದ ಲಾಡ್ಜಿನ ಮುಂದೆ ಕೂತು ಅತ್ತರು. "ನಮ್ ಸಾಹೇಬ್ರು ಲಂಚ ತಿಂತಾರಾ? ನಾವು ಸೀಮೆಎಣ್ಣೆ ಸುರ್ಕೊಂಡು ಸಾಯ್ತೀವಿ!" ನಿರ್ಮಾಪಕ ಅಶ್ವತ್ಥಯ್ಯ ಓಡಿ ಬಂದ. ಇನ್‌ಸ್ಪೆಕ್ಟರ್ ಒಳ್ಳೆಯವನೇ ಆಗಿರಬೇಕು, ಊರಿಗಾಗಿ ಗುಂಡು ತಿಂದು ಸಾಯಬೇಕು, ಮೈಮೇಲೆ ಧ್ವಜ ಹೊದಿಸಬೇಕು, ಪಂಚೆಯ ಮಾತು ಹೋಗಬೇಕು. ಇದು ಅವನ ಹೊಸ ಕತೆ.

"ನಾನು ಮಾಡಲ್ಲ," ಎಂದರು ಸಾಹೇಬರು.

"ಮಾಡಬೇಡಿ. ಡ್ಯೂಪ್ ಹಾಕಿ ಬೆನ್ನು ತೋರಿಸಿ ಸಾಯಿಸ್ತೀನಿ. ನಿಮ್ಮ ದನಿ ಅನುಕರಿಸೋರು ಊರಿಗೊಬ್ಬರಿದ್ದಾರೆ."

ಹುಲಿಯಂಥ ಮನುಷ್ಯ ಕುರ್ಚಿಯಲ್ಲಿ ಕುಗ್ಗಿದ್ದನ್ನು ಕಣ್ಣಾರೆ ಕಂಡೆ. ಅಲ್ಲಿಂದಲೇ ಹೇಳಿದರು. "ಸಾಯ್ತೀನಪ್ಪಾ. ನೀನು ಹೇಳಿದ ಹಾಗೇ ಸಾಯ್ತೀನಿ. ಆದರೆ ಪಂಚೆ ಮಾತು ಇರಬೇಕು. ಆ ಮುದುಕಿಗೆ ಭಾಷೆ ಕೊಟ್ಟಿದೀನಿ." ಅಶ್ವತ್ಥಯ್ಯ ಹೆತ್ತ ತಾಯಿಯ ಮೇಲೆ ಆಣೆಯಿಟ್ಟು ಒಪ್ಪಿಕೊಂಡ.

ಕೊನೆಯ ದಿನ ಠಾಣೆಯ ಅಂಗಳದಲ್ಲಿ ಸಾಹೇಬರು ಗುಂಡು ತಿಂದು ಬಿದ್ದರು. ಧ್ವಜ ಹೊದಿಸಿದರು. ಮುಂದಿನ ಕುರ್ಚಿಯಲ್ಲಿ ಲೋಕೇಶ್ವರ ಕೂತಿದ್ದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಪಾಪಿ! ಕರವಸ್ತ್ರದಿಂದ ಒರೆಸಿಕೊಂಡು ಚಪ್ಪಾಳೆ ತಟ್ಟಿದ. ಚಿತ್ರೀಕರಣ ಮುಗಿದ ಲೆಕ್ಕಕ್ಕೆ ಕುಂಬಳಕಾಯಿ ಒಡೆಯಲು ಆಳೊಬ್ಬ ಕಾಯಿ ಎತ್ತಿ ಹಿಡಿದು ಸಿದ್ಧನಾಗಿದ್ದ.

"ಸಾಹೇಬ್ರೇ, ಒಂದು ನಗು," ಎಂದ ಗಿರಿಧರ.

ಸಾಹೇಬರು ಕಣ್ಣು ಬಿಟ್ಟರು. ನಗಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು.

"ಸಾರ್, ಹಾಗೆಲ್ಲ ಮಾಡಬಾರದು. ನಗಿ ಸಾರ್." ಗಿರಿಧರ ಬಗ್ಗಿ ಕೇಳಿಕೊಂಡ. ಆಗ ಹುಣಸೆ ಮರದ ಕಡೆಯಿಂದ ಕೆಂಪಾಜಮ್ಮ ಎದ್ದು ಬಂದಳು. ಪೊಲೀಸರನ್ನೂ ಲೋಕೇಶ್ವರನನ್ನೂ ದಾಟಿ ಬಂದು ಧ್ವಜದ ಪಕ್ಕ ಕೂತಳು.

"ನಗಿ ಬುದ್ಧಿ," ಎಂದು ಅಂಗಲಾಚಿದಳು. "ನಿಮ್ಗೆ ಏಳಕ್ಕಾಯ್ತದೆ, ನೀವಾರ ಎದ್ದು ನಗಿ. ನಿಮ್ ದಮ್ಮಯ್ಯ."

ಅವರ ತುಟಿ ಅದುರಿತು. ಪ್ರಯತ್ನಪಟ್ಟರು, ನಾನು ಹತ್ತಿರದಿಂದ ನೋಡಿದೆ. ನಗು ಬರಲಿಲ್ಲ. ಸುರುಳಿ ಮುಗಿದು ಕ್ಯಾಮೆರಾ ತಾನೇ ನಿಂತಿತು.

ಚಿತ್ರ ಬಿಡುಗಡೆಯಾಗುವ ಮೊದಲೇ ಸಾಹೇಬರು ಹೋದರು. ಎದೆನೋವು ಎಂದು ಆಸ್ಪತ್ರೆಗೆ ಸೇರಿದವರು ಮನೆಗೆ ಬರಲಿಲ್ಲ. ನಗದಿದ್ದಕ್ಕೇ ಹೀಗಾಯಿತು ಎಂದರು ಸಿನಿಮಾದವರು. ನನಗೆ ಹಾಗನ್ನಿಸುವುದಿಲ್ಲ. ಆ ಎದೆ ಹುಣಸೆ ಮರದ ಎದುರೇ ಒಡೆದಿತ್ತು.

ಕೊಟ್ಟ ಭಾಷೆ ಉಳಿಯಿತೇ ಎಂದು ನೋಡಬೇಕಿತ್ತಲ್ಲ. ಆ ಊರಿಗೆ ಹೋಗಿ, ಕೆಂಪಾಜಮ್ಮನನ್ನು ಕರೆದುಕೊಂಡು ಮ್ಯಾಟಿನಿಗೆ ಹೋದೆ. ಥಿಯೇಟರಿನ ಮುಂದೆ ಸಾಹೇಬರ ಕಟೌಟಿಗೆ ಹಾಲು ಸುರಿಯುತ್ತಿದ್ದರು. ಅವಳು ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದಳು.

ಲಾಕಪ್ಪಿನ ದೃಶ್ಯ ಬಂತು. ಆ ಹುಡುಗ ಈಗ ಮಕ್ಕಳನ್ನು ಕದ್ದು ಮಾರುವವನಾಗಿದ್ದ. ನೇಣಿನ ದೃಶ್ಯವೇ ಇರಲಿಲ್ಲ. ಸಾಹೇಬರು ಬೆಲ್ಟು ಬಿಚ್ಚಿ ಮುಷ್ಟಿಗೆ ಸುತ್ತಿದರು. ಬಕಲ್ ಹೊರಗೆ ಬಂತು. ಥಿಯೇಟರು ಕಿತ್ತುಹೋಗುವಂತೆ ಶಿಳ್ಳೆ. ಪರದೆಗೆ ಚಿಲ್ಲರೆ ಎರಚಿದರು. ಪ್ರತಿ ಏಟಿಗೂ ನನ್ನ ಮುಂಗೈ ಹಿಡಿದಿದ್ದ ಕೆಂಪಾಜಮ್ಮನ ಉಗುರು ಒಳಗೆ ಇಳಿಯಿತು.

ಆಮೇಲೆ ಮೆಟ್ಟಿಲ ಮೇಲೆ ನಾನು ಬಂದೆ. ನನ್ನ ತುಟಿ 'ಪಂಚೆಯೇ ಇರಲಿಲ್ಲ' ಎನ್ನುತ್ತಿತ್ತು. ಕೇಳಿಸಿದ್ದು ಬೇರೆ ಯಾವಳದೋ ದನಿ: "ಇಂಥ ಮಗನನ್ನು ಹೆತ್ತಿದ್ದೇ ನನ್ನ ತಪ್ಪು, ಸಾಹೇಬರೇ." ಎದ್ದು ಕೂಗಬೇಕೆನ್ನಿಸಿತು. ಯಾರಿಗೆ ಕೇಳುತ್ತಿತ್ತು? ಜನ ಅಳುತ್ತಿದ್ದರು.

ಸಾಹೇಬರು ಸತ್ತರು, ಧ್ವಜ ಹೊದಿಸಿದರು. ಕೊನೆಗೆ, ತೀರಿಕೊಂಡ ನಾಯಕನ ನಗು ಜನಕ್ಕೆ ತೋರಿಸಬೇಕಿತ್ತು, ಅವರು ನಕ್ಕ ತುಣುಕು ಇರಲಿಲ್ಲವಲ್ಲ, ಯಾವುದೋ ಹಳೆಯ ಚಿತ್ರದಿಂದ ಒಂದು ನಗು ಕತ್ತರಿಸಿ ತಂದು ಅಂಟಿಸಿದ್ದರು. ಪರದೆಯ ತುಂಬ ಕಪ್ಪು ಕೂದಲಿನ ಸಾಹೇಬರು ನಕ್ಕರು. ಜನ ಕೈಮುಗಿದು, ಕಣ್ಣೊರೆಸಿಕೊಂಡು ಎದ್ದು ಹೋದರು.

ದೀಪ ಹತ್ತಿತು. ಕಸ ಗುಡಿಸುವವಳು ಮುಂದಿನ ಸಾಲಿನಿಂದ ಶುರು ಮಾಡಿದ್ದಳು. ಕೆಂಪಾಜಮ್ಮ ಮಾತ್ರ ಏಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬರಿದಾದ ಬಿಳಿ ಪರದೆಯನ್ನೇ ನೋಡುತ್ತಿದ್ದಳು.

"ಕುಂತ್ಕೊಳವ್ವ," ಎಂದಳು ನನಗೆ. "ಪಂಚೆ ಮಾತು ಇನ್ನೂ ಬರ್ನಿಲ್ಲ."