ಬೆನ್ನ ಹಿಂದೆ ನಿಲ್ಲುವವರು

ನಮ್ಮ ಬುಸೋಗ ಸೀಮೆಯ ಹಳ್ಳಿಗಳಲ್ಲಿ ಚುನಾವಣೆಗೆ ನಿಲ್ಲುವುದೆಂದರೆ ನಿಜವಾಗಿಯೂ ನಿಲ್ಲುವುದೇ. ಮತಪೆಟ್ಟಿಗೆ ಇಲ್ಲ, ಗುಟ್ಟೂ ಇಲ್ಲ. ಹಲಸಿನ ಮರದ ಕೆಳಗೆ ಅಭ್ಯರ್ಥಿಗಳು ನಿಲ್ಲುತ್ತಾರೆ, ಬೇಕಾದವರು ಅವರ ಬೆನ್ನ ಹಿಂದೆ ಸಾಲುಗಟ್ಟುತ್ತಾರೆ, ಅಧಿಕಾರಿ ತಲೆ ಎಣಿಸುತ್ತಾನೆ. ಇದನ್ನೆಲ್ಲ ಕಗೋಯಳಿಗೆ ಬಿಡಿಸಿ ಹೇಳಿದವನು ನಾನೇ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಸುಮ್ಮನಿರಲು ಬರುವುದಿಲ್ಲ.

ಕಗೋಯ ವಿಧವೆ. ಅವಳ ಗೆಣಸಿನ ಹೊಲವನ್ನು ಮೈದುನ ಮುಕೆಂಬೊ ಮಾರಲು ಹೊರಟಿದ್ದ. ಮಾರಾಟದ ಪತ್ರಕ್ಕೆ ಊರ ಚೇರ್ಮನ್ನನ ಸೀಲು ಬೀಳಬೇಕು. ಚೇರ್ಮನ್ ಟಿಬೆಂಕಾನನ ಮನೆಗೆ ಮುಕೆಂಬೊನ ಹೋತ ಆಗಲೇ ಹೋಗಿ ಸಾರೂ ಆಗಿತ್ತು. ಸೀಲು ತನ್ನ ಕೈಗೆ ಬಂದರೆ ಮಾತ್ರ ಹೊಲ ಉಳಿದೀತೆಂದು ಕಗೋಯ ತಾನೇ ಚೇರ್ಮನ್ನನ ಎದುರು ನಿಂತಳು.

"ನನ್ನ ಹೆಸರು ಯಾರು ಸೂಚಿಸ್ತಾರೆ ಮೇಷ್ಟ್ರೇ?"

"ನಾನಿಲ್ವೇನಮ್ಮ? ಹೆದರ್ಬೇಡ, ಇಡೀ ಊರೇ ನಿನ್ನ ಹಿಂದಿದೆ."

ಸುಳ್ಳಲ್ಲ. ಬೋರ್‌ವೆಲ್ ಹತ್ತಿರ ಹೆಂಗಸರೆಲ್ಲ ಅವಳ ಕಿವಿಯಲ್ಲಿ ಮಾತು ಕೊಟ್ಟಿದ್ದರು.

ಚುನಾವಣೆಯ ದಿನ ಟಿಬೆಂಕಾನ ಕೋಟು ಹಾಕಿಕೊಂಡು ಬಂದ, ಸೀಲಿದ್ದ ಜೇಬು ಸವರಿಕೊಂಡ. "ಬನ್ನಿ ಬನ್ನಿ, ಯಾರ್ಯಾರು ಎಲ್ಲೆಲ್ಲಿ ನಿಲ್ತೀರೋ ನೋಡೋಣ. ನಂಗೆ ಕಣ್ಣು ಚೆನ್ನಾಗೇ ಕಾಣುತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಏನ್ ಮೇಷ್ಟ್ರೇ, ಮಗಳ ಪಾಸ್‌ಪೋರ್ಟಿಗೆ ಪತ್ರ ಬೇಕು ಅಂದಿದ್ರಲ್ಲ? ನಾಳೆ ಬನ್ನಿ" ಎಂದ.

ಕಗೋಯಳ ಹೆಸರು ಸೂಚಿಸುವವರು ಯಾರೆಂದು ಅಧಿಕಾರಿ ಕೇಳಿದ. ನನಗೆ ಕೆಮ್ಮು ಬಂತು. ನಗಬೇಡಿ, ನಿಜವಾದ ಕೆಮ್ಮೇ. ಅಷ್ಟರಲ್ಲಿ ಅವಳ ಕುರುಡಿ ಅತ್ತೆ, ಮುಕೆಂಬೊನ ಹೆತ್ತ ತಾಯಿ, ಕೋಲು ಕುಟ್ಟಿದಳು.

"ನಾನು ಸೂಚಿಸ್ತೀನಿ! ಹೆತ್ತ ಮಗ ಕಳ್ಳ ಆದ ಅಂತ ನಾನೂ ಬಾಯಿ ಮುಚ್ಕೊಂಡಿರ್ಲಾ?"

ಸಾಲು ಕಟ್ಟಿರಿ ಎಂದದ್ದೇ ತಡ, ಥೂ, ಎಂಥಾ ಜನ ಅಂತೀರಿ! ಬೋರ್‌ವೆಲ್ಲಿನ ಹೆಂಗಸರೇ ಎಲ್ಲರಿಗಿಂತ ಮುಂಚೆ ಚೇರ್ಮನ್ನನ ಬೆನ್ನಿಗೆ ಓಡಿದರು. ಅವನ ಸಾಲು ಚರ್ಚು ದಾಟಿ ಶಾಲೆಯ ಕಕ್ಕಸಿನವರೆಗೆ ಬೆಳೆಯಿತು. ಬೆನ್ನೆಲುಬಿಲ್ಲದ ಕುರಿಗಳು. ಕಗೋಯಳ ಹಿಂದೆ ಏಳೇ ಜನ. ನಾನೆಲ್ಲಿದ್ದೆ ಅಂತೀರಾ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ನೋಡಿ. ಚೇರ್ಮನ್ನನ ಸಾಲಿನಲ್ಲೇ ಇದ್ದೆ, ಕಟುಕ ಮುತ್ಯಬುಲೆಯ ಹಿಂದೆ. ಅವನ ಬೆನ್ನು ಅಗಲ.

ಎಣಿಕೆ ನಡೆಯುತ್ತಿದ್ದಾಗ ಮುದುಕಿ ಗಟ್ಟಿಯಾಗಿ ಕೇಳಿದಳು: "ಮೇಷ್ಟ್ರು ಬಂದ್ರೇನೇ? ನಮ್ಮ ಸಾಲಲ್ಲಿದಾರಾ?"

ಕಗೋಯ ತಿರುಗಿದಳು. ಮುತ್ಯಬುಲೆ ಅದೇ ಗಳಿಗೆಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಬೇಕೇ! ಅವಳ ಕಣ್ಣು ನೇರ ನನ್ನ ಮೇಲೆ ಬಿತ್ತು.

"ಇದಾರೆ ಅತ್ತೆ. ನಿಮ್ಮ ಹಿಂದೇನೇ ಇದಾರೆ."

ಮುದುಕಿ ಹಿಂದಕ್ಕೆ ತಿರುಗಿ, ಯಾರೂ ಇಲ್ಲದ ಜಾಗಕ್ಕೆ ಕೈಮುಗಿದಳು. "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮೇಷ್ಟ್ರೇ."

ನನಗೆ ನಾಚಿಕೆಯಾಯಿತು. ಆದರೂ ಸಾಲು ಬಿಟ್ಟು ಕದಲಲಿಲ್ಲ.

ಮರುದಿನ ಚೇರ್ಮನ್ನನ ಮನೆಗೆ ಹೋದೆ. ಮಗಳ ಪತ್ರಕ್ಕೆ ಸೀಲು ಒತ್ತಿದ. ಅದನ್ನು ಕೈಯಲ್ಲೇ ಹಿಡಿದುಕೊಂಡು ಇನ್ನೊಂದು ಕಾಗದವನ್ನು ನನ್ನ ಮುಂದೆ ಸರಿಸಿದ, ಕಗೋಯಳ ಹೊಲದ್ದು.

"ಸಾಕ್ಷಿಗೆ ಒಬ್ರು ಓದಿದೋರು ಬೇಕಿತ್ತು ಮೇಷ್ಟ್ರೇ."

ಮಗಳ ಪತ್ರ ಇನ್ನೂ ಅವನ ಕೈಯಲ್ಲೇ ಇತ್ತು. ರುಜು ಹಾಕಿದೆ.